ಬಚ್ಚಲ ಒಲೆ ಮತ್ತು ಹೊಗೆ ಕೊಳವೆ: ಅಪಾಯವಿಲ್ಲದೆ ಸ್ವಚ್ಛ ಮಾಡುವ ಬಗೆ

ಅಡುಗೆಮನೆಗೆ ಗ್ಯಾಸ್ ಬಂದು ಎಷ್ಟೋ ಕಾಲವಾಯಿತು. ಆದರೂ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಬಚ್ಚಲ ಒಲೆ ಮಾತ್ರ ಆರಿಲ್ಲ. ತೋಟದಲ್ಲಿ ಸೋಗೆ, ಹಾಳೆ, ಅಡಿಕೆ ಸಿಪ್ಪೆ ಬಿದ್ದಿರುತ್ತದೆ. ಘಟ್ಟ ಇಳಿದು ಕುಮಟಾ, ಅಂಕೋಲಾ, ಕಾರವಾರಕ್ಕೆ ಹೋದರೆ ತೆಂಗಿನ ಮಡಲು, ಸಿಪ್ಪೆ, ಕರಟ. ಇಷ್ಟೆಲ್ಲ ಮನೆಯಲ್ಲೇ ಇಟ್ಟುಕೊಂಡು ಕರೆಂಟಿನಲ್ಲಿ ನೀರು ಕಾಯಿಸಲು ಯಾರಿಗೆ ಮನಸ್ಸು ಬರುತ್ತದೆ? ಹಂಡೆ ನೀರಿನ ಸ್ನಾನದ ಹಿತ ಗೀಸರ್ ನೀರಿನಲ್ಲಿ ಸಿಗುವುದೂ ಇಲ್ಲ.

ಒಲೆ ಹಾಗೇ ಉಳಿಯಿತು, ಬಚ್ಚಲುಮನೆ ಬದಲಾಯಿತು. ಹಿಂದೆ ಬಚ್ಚಲು ಅಂದರೆ ಮನೆಯ ಹಿಂದೆ ಇಳಿಸಿದ ಒಂದು ಮಾಡು, ಮೇಲೆ ಹಂಚು, ಸುತ್ತ ಅರ್ಧ ಗೋಡೆ. ಹೊಗೆ ಹಂಚಿನ ಸಂದಿಯಲ್ಲಿ ತಾನಾಗಿ ಹೊರಗೆ ಹೋಗುತ್ತಿತ್ತು. ಈಗ ಮೇಲೆ ಸ್ಲ್ಯಾಬ್, ಸುತ್ತ ಟೈಲ್ಸ್, ಗಟ್ಟಿಯಾಗಿ ಮುಚ್ಚುವ ಬಾಗಿಲು. ಹೊಗೆಗೆ ಇರುವುದು ಒಂದೇ ದಾರಿ, ಒಲೆಯ ಹೊಗೆ ಕೊಳವೆ, ಅಂದರೆ ಪೈಪು. ಅದು ಕಟ್ಟಿಕೊಂಡರೆ ಹೊಗೆ ಬಚ್ಚಲಿಗೇ ವಾಪಸು ಬರುತ್ತದೆ. ಕಣ್ಣುರಿಯುವ ಹೊಗೆಯಾದರೆ ನಾವೇ ಹೊರಗೆ ಬರುತ್ತೇವೆ. ಕೆಂಡದಿಂದ ಏಳುವ ಕಾರ್ಬನ್ ಮೊನಾಕ್ಸೈಡ್ ಹಾಗಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಸ್ನಾನಕ್ಕೆ ಹೋದವರಿಗೆ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಬಿಸಿನೀರು ಜಾಸ್ತಿಯಾಯಿತು ಅಂದುಕೊಂಡು ಅಲ್ಲೇ ಕೂರಬಾರದು. ಮೊದಲು ಬಾಗಿಲು ತೆಗೆದು ಹೊರಗೆ ಬರಬೇಕು.

ಅದಕ್ಕೇ ಒಲೆ ಸ್ವಚ್ಛ ಮಾಡುವಾಗ ಬೂದಿ ಗೋರಿ ಕೈ ತೊಳೆದುಕೊಂಡರೆ ಸಾಲದು. ಹೊಗೆ ಹೋಗುವ ದಾರಿಯನ್ನು ಒಲೆಯ ಬಾಯಿಯಿಂದ ಪೈಪಿನ ತುದಿಯವರೆಗೆ ಬಿಡಿಸಬೇಕು. ಅದನ್ನು ಮೈಮೇಲೆ ಅಪಾಯ ಎಳೆದುಕೊಳ್ಳದೆ ಮಾಡುವುದು ಹೇಗೆ ಅಂತ ಕೆಳಗೆ ಬರೆದಿದ್ದೇನೆ. ಹೋಮ್‌ಸ್ಟೇಗಳಲ್ಲಿ ಚಳಿ ಕಾಯಿಸಲು ಕಟ್ಟುವ ಅಗ್ಗಿಷ್ಟಿಕೆಗೂ ಇದೇ ಕ್ರಮ.

ಯಾವಾಗ ಮಾಡಬೇಕು

ಬೂದಿ ವಾರಕ್ಕೊಮ್ಮೆಯಾದರೂ ತೆಗೆಯಿರಿ. ಪೈಪಿನ ಕೆಲಸಕ್ಕೆ ವರ್ಷಕ್ಕೆ ಎರಡು ಸಲ ಸಾಕು. ಒಂದು, ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು. ಇನ್ನೊಂದು, ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಮುಂಚೆ. ಹೇಗೂ ಆಗ ಹಂಡೆ ತಿಕ್ಕುತ್ತೇವೆ, ಒಲೆಗೆ ಕೆಮ್ಮಣ್ಣು ಬಳಿಯುತ್ತೇವೆ, ಹಿಂಡ್ಲೆ ಬಳ್ಳಿ ಸುತ್ತುತ್ತೇವೆ. ಹೊರಗೆ ಅಷ್ಟು ಚಂದ ಮಾಡುವವರು ಪೈಪಿನ ಒಳಗೂ ಒಂದು ಸಲ ನೋಡಿದರೆ ಹಬ್ಬದ ನಸುಕಿನಲ್ಲಿ ಹೊಗೆ ಕುಡಿಯುವುದು ತಪ್ಪುತ್ತದೆ.

ಎರಡರಲ್ಲಿ ದೀಪಾವಳಿ ಮುಂಚಿನದೇ ಮುಖ್ಯ ಅಂತ ನನ್ನ ಅಭಿಪ್ರಾಯ. ನಾಲ್ಕು ತಿಂಗಳ ಮಳೆಯಲ್ಲಿ ನಾವು ಒಲೆಗೆ ಹಾಕಿದ್ದೆಲ್ಲ ಥಂಡಿ ಹಿಡಿದ ಕಟ್ಟಿಗೆ. ಅದು ಸರಿಯಾಗಿ ಉರಿಯುವುದಿಲ್ಲ, ಹೊಗೆಯಾಡುತ್ತದೆ. ಆ ಹೊಗೆಯಲ್ಲಿ ಸುಡದೆ ಉಳಿದ ಎಣ್ಣೆಯ ಅಂಶ, ನೀರಾವಿ ಎರಡೂ ಇರುತ್ತವೆ. ಮಳೆಗೆ ತಣ್ಣಗಾದ ಪೈಪಿನ ಒಳಗೋಡೆಗೆ ತಾಗಿದ ಕೂಡಲೇ ಅವು ಹನಿಯಾಗಿ ಅಲ್ಲೇ ಕೂರುತ್ತವೆ. ದಿನಕ್ಕಿಷ್ಟು ಅಂತ ಸೇರಿ ಜಿಡ್ಡಾಗುತ್ತದೆ.

ಮೊದಲು ಒಳಗೆ ಏನಿದೆ ನೋಡಿ

ಮೊಬೈಲಿನ ಟಾರ್ಚ್ ಹಾಕಿ, ವಿಡಿಯೊ ಆನ್ ಮಾಡಿ, ಪೈಪಿನ ಕೆಳಗಿನ ಮುಚ್ಚಳ ತೆಗೆದು ಒಳಗೆ ಹಿಡಿಯಿರಿ. ಕತ್ತು ತಿರುಗಿಸಿ ನೋಡುವುದಕ್ಕಿಂತ ಇದು ಸುಲಭ. ಒಲೆ ಪೂರ್ತಿ ತಣ್ಣಗಿರುವಾಗ ಮಾತ್ರ.

ಒಳಗೆ ಮೂರು ಥರದ ಮಸಿ ಕಾಣಬಹುದು. ಒಂದು, ಒಣ ಕರಿ. ಬೆರಳಿಗೆ ಹತ್ತುತ್ತದೆ, ಊದಿದರೆ ಹಾರುತ್ತದೆ. ಬ್ರಶ್ ತಾಗಿದರೆ ಸಾಕು, ಉದುರುತ್ತದೆ. ಎರಡನೆಯದು ಚಕ್ಕೆ ಚಕ್ಕೆಯಾಗಿ ಎದ್ದು ನಿಂತಿರುತ್ತದೆ. ಸ್ವಲ್ಪ ಗಟ್ಟಿಯಾಗಿ ಉಜ್ಜಬೇಕು. ಮೂರನೆಯದು ಡಾಂಬರು ಬಳಿದ ಹಾಗೆ ಕಪ್ಪಗೆ ಹೊಳೆಯುತ್ತದೆ, ಉಗುರಿನಿಂದ ಕೆರೆದರೂ ಏಳುವುದಿಲ್ಲ. ಇದು ಕಸ ಅಲ್ಲ, ಉರುವಲು. ಕಿಡಿಯೊಂದು ಮೇಲೆ ಹೋಗಿ ತಾಗಿದರೆ ಪೈಪಿನ ಒಳಗೇ ಬೆಂಕಿ ಹತ್ತುತ್ತದೆ.

ಮಸಿಯ ದಪ್ಪ 3 ಮಿ.ಮೀ. ಮುಟ್ಟಿದ್ದರೆ, ಅಂದರೆ ಒಂದು ರೂಪಾಯಿಯ ಎರಡು ನಾಣ್ಯ ಒಂದರ ಮೇಲೊಂದು ಇಟ್ಟಷ್ಟಾಗಿದ್ದರೆ, ಹಬ್ಬಕ್ಕೆ ಕಾಯಬೇಡಿ. ಅದನ್ನು ತೆಗೆಯುವವರೆಗೆ ಒಲೆ ಹಚ್ಚಬೇಡಿ.

ಹೊಳೆಯುವ ಜಿಡ್ಡು ಕಂಡರೆ ಕೆಲವರು ಒಣ ಮಡಲು ತುರುಕಿ ದೊಡ್ಡ ಉರಿ ಹಾಕುತ್ತಾರೆ, "ಕರಿ ಎಲ್ಲ ಸುಟ್ಟು ಹೋಗ್ಲಿ" ಅಂತ. ದಯವಿಟ್ಟು ಇದನ್ನು ಮಾಡಬೇಡಿ. ಪೈಪಿನ ಒಳಗೆ ಹತ್ತಿದ ಬೆಂಕಿ 1000 ಡಿಗ್ರಿ ಸೆಲ್ಸಿಯಸ್‌ವರೆಗೂ ಏರಬಲ್ಲದು. ಪೈಪು ಮಾಡಿನ ಪಕ್ಕಾಸು, ರೀಪು ತಾಗಿಕೊಂಡು ಹೋಗಿದ್ದರೆ ಅಷ್ಟು ಕಾವಿಗೆ ಮರ ಹತ್ತಿಕೊಳ್ಳುತ್ತದೆ. ಅಂಥ ಜಿಡ್ಡು ಕಟ್ಟಿದ ಪೈಪಿನ ತುಂಡನ್ನು ಬದಲಿಸುವುದೇ ಒಳ್ಳೆಯದು. ಆ ಖರ್ಚು ದೊಡ್ಡದಲ್ಲ.

ಬೆಂಕಿ ಆರಿದೆಯಾ ಅಂತ ಬೂದಿಯ ಮೇಲ್ಮೈ ನೋಡಿ ಹೇಳಬೇಡಿ

ಬೂದಿ ಶಾಖವನ್ನು ಒಳಗೇ ಹಿಡಿದಿಡುತ್ತದೆ. ಮೇಲೆ ಕೈ ಇಟ್ಟರೆ ತಣ್ಣಗೆ, ಎರಡು ಬೆರಳು ಕೆಳಗೆ ಕೆಂಡ. ಹಿಂದೆ ಬೆಂಕಿಪೊಟ್ಟಣ ಉಳಿಸಲು ರಾತ್ರಿ ಕೆಂಡಕ್ಕೆ ಬೂದಿ ಮುಚ್ಚಿ ಬೆಳಿಗ್ಗೆ ಕೆದಕಿ ಊದುತ್ತಿದ್ದರಲ್ಲ, ಅದೇ ಗುಣ ಇಲ್ಲಿ ಕೈ ಸುಡುತ್ತದೆ. ದಪ್ಪ ಬೂದಿಯ ಅಡಿಯಲ್ಲಿ ಕೆಂಡ ಎರಡು ಮೂರು ದಿನ, ಕೆಲವೊಮ್ಮೆ ನಾಲ್ಕು ದಿನದವರೆಗೂ ಜೀವ ಹಿಡಿದಿರುತ್ತದೆ.

ಹಾಗಾಗಿ ದೊಡ್ಡ ಸ್ವಚ್ಛತೆಗೆ ಮುಂಚೆ ಒಂದು ದಿನ ಪೂರ್ತಿ ಒಲೆ ಹಚ್ಚಬೇಡಿ. ಆಮೇಲೂ ಕಬ್ಬಿಣದ ಸಟ್ಟುಗದಲ್ಲಿ ಬೂದಿಯನ್ನು ಅಡಿಯವರೆಗೆ ಕೆದಕಿ ಹರಡಿ, ಅರ್ಧ ಗಂಟೆ ಬಿಡಿ. ಕೆಂಪು ಕಂಡರೆ ಇನ್ನೂ ಕಾಯಿರಿ. ನೀರು ಸುರಿಯಬೇಡಿ. ಬಿಸಿ ಬೂದಿಗೆ ನೀರು ಬಿದ್ದರೆ ಹಬೆ ಭುಸ್ಸೆಂದು ಎದ್ದು ಬೂದಿಯನ್ನು ಮುಖಕ್ಕೆ ಎರಚುತ್ತದೆ. ಮಣ್ಣಿನ ಒಲೆ, ಚಿರೆಕಲ್ಲಿನ ಒಲೆ ಎರಡೂ ಒಮ್ಮೆಲೇ ತಣ್ಣಗಾಗಿ ಬಿರುಕು ಬಿಡುತ್ತವೆ.

ಇನ್ನೊಂದು ಮಾತು. ಬೆಚ್ಚಗಿನ ಒಲೆಯ ಬೂದಿಯಲ್ಲಿ ಬೆಕ್ಕು ಮಲಗುತ್ತದೆ. ಮರಿ ಹಾಕಿದ ಬೆಕ್ಕಾದರೆ ಮರಿಗಳನ್ನೂ ಕಚ್ಚಿಕೊಂಡು ಬಂದು ಅಲ್ಲೇ ಇಡುತ್ತದೆ. ಬೂದಿ ತೆಗೆಯುವ ಮೊದಲು, ಬೆಂಕಿ ಹಚ್ಚುವ ಮೊದಲು, ಒಳಗೆ ಟಾರ್ಚ್ ಬಿಟ್ಟು ನೋಡಿ. ಪಕ್ಕದ ಕಟ್ಟಿಗೆ ರಾಶಿಗೆ ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿ. ಹಾವು, ಚೇಳಿಗೂ ಬೆಚ್ಚಗಿನ ಜಾಗ ಬೇಕು.

ಮೈಗೆ, ಮೂಗಿಗೆ, ಕಣ್ಣಿಗೆ

ಮೂಗಿಗೆ ಒದ್ದೆ ಟವೆಲ್ ಕಟ್ಟಿಕೊಂಡರೆ ಸಾಕು ಅನ್ನುತ್ತಾರೆ. ಸಾಲದು. ಮಸಿಯ ಸಣ್ಣ ಕಣಗಳು ಬಟ್ಟೆಯ ಎಳೆಗಳ ನಡುವೆ ನುಸುಳುತ್ತವೆ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಎನ್-95 ಮಾಸ್ಕ್ ಹಾಕಿ. ಮೇಲೆ ನೋಡಿ ಉಜ್ಜುವ ಕೆಲಸ ಇದು, ಹಾಗಾಗಿ ಕಣ್ಣಿಗೆ ಸುತ್ತ ಮುಚ್ಚುವ ಕನ್ನಡಕ ಬೇಕೇ ಬೇಕು. ರಬ್ಬರ್ ಗ್ಲೌಸ್, ತುಂಬುತೋಳಿನ ಹಳೇ ಅಂಗಿ, ತಲೆಗೆ ಬಟ್ಟೆ.

ಇದು ಅತಿ ಜಾಗ್ರತೆ ಅಲ್ಲ. ಲಂಡನ್ನಿನ ಚಿಮಣಿಗಳಿಗೆ ಇಳಿದು ಮಸಿ ಕೆರೆಯುತ್ತಿದ್ದ ಹುಡುಗರಿಗೆ ದೊಡ್ಡವರಾದ ಮೇಲೆ ಬರುವ ಚರ್ಮದ ಕ್ಯಾನ್ಸರ್‌ಗೆ ಆ ಮಸಿಯೇ ಕಾರಣ ಅಂತ ಪರ್ಸಿವಲ್ ಪಾಟ್ ಎಂಬ ವೈದ್ಯ 1775ರಲ್ಲೇ ಬರೆದಿದ್ದ. ನಾವು ವರ್ಷಕ್ಕೆ ಎರಡು ಸಲ ಮಾಡುತ್ತೇವೆ, ನಿಜ. ಆದರೂ ಕೆಲಸ ಮುಗಿದ ಕೂಡಲೇ ಸೋಪು ಹಾಕಿ ಸ್ನಾನ ಮಾಡಿ, ಆ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಮಕ್ಕಳು, ದಮ್ಮು ಇರುವವರು ಹತ್ತಿರ ಇರಬಾರದು.

ಬೂದಿ ತೆಗೆಯುವುದು

ಗೋರಲು ಕಬ್ಬಿಣದ ಸಣ್ಣ ಸಲಿಕೆ, ತುಂಬಲು ಮುಚ್ಚಳವಿರುವ ತಗಡಿನ ಡಬ್ಬಿ. ಪ್ಲಾಸ್ಟಿಕ್ ಬಕೆಟ್, ಗೋಣಿಚೀಲ, ರಟ್ಟಿನ ಪೆಟ್ಟಿಗೆ ಯಾವುದೂ ಬೇಡ. ಸಲಿಕೆ ತುಂಬಿದ ಮೇಲೆ ಅದನ್ನು ಡಬ್ಬಿಯೊಳಗೆ ಇಳಿಸಿ, ಮೆಲ್ಲಗೆ ಓರೆ ಮಾಡಿ. ಎತ್ತರದಿಂದ ಸುರಿದರೆ ಬೂದಿ ಅರ್ಧ ನಿಮ್ಮ ಶ್ವಾಸಕೋಶಕ್ಕೆ ಹೋಗುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರ್ ಬಳಸಬೇಡಿ. ಒಂದು ಜೀವಂತ ಕೆಂಡ ಒಳಗೆ ಹೋದರೆ ಅದರ ಚೀಲಕ್ಕೇ ಬೆಂಕಿ. ನಯವಾದ ಬೂದಿ ಅದರ ಫಿಲ್ಟರ್ ದಾಟಿ ವಾಪಸು ಕೋಣೆಗೆ ಹಾರುವುದೂ ಉಂಟು.

ಡಬ್ಬಿ ಮುಚ್ಚಿ ಮನೆಯ ಹೊರಗೆ ಬರೀ ನೆಲದ ಮೇಲೆ ಇಡಿ. ಹುಲ್ಲಿನ ಗೊಣಬೆ, ಸೋಗೆ ರಾಶಿ, ಕೊಟ್ಟಿಗೆಯಿಂದ ಕನಿಷ್ಠ 10 ಅಡಿ ದೂರ. ನಾಲ್ಕು ದಿನ ಮುಟ್ಟಬೇಡಿ.

ನಿಮ್ಮದು ಅಸ್ತ್ರ ಒಲೆಯಾದರೆ ಒಂದು ಕೆಲಸ ಹೆಚ್ಚಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಶುರು ಮಾಡಿದ 'ಅಸ್ತ್ರ' ಕೇಂದ್ರದಿಂದ ಈ ಒಲೆ ಬಂದದ್ದು, ಹೆಸರೂ ಅಲ್ಲಿಂದಲೇ. ಇದರಲ್ಲಿ ಕಟ್ಟಿಗೆ ಉರಿಯುವುದು ಕಬ್ಬಿಣದ ಜಾಲರಿಯ ಮೇಲೆ. ಗಾಳಿ ಬರುವುದು ಜಾಲರಿಯ ಕೆಳಗಿನಿಂದ. ಕೆಳಗೆ ಬೂದಿ ತುಂಬಿ ಜಾಲರಿಗೆ ತಾಗಿತೆಂದರೆ ಗಾಳಿ ನಿಂತು ಹೋಗುತ್ತದೆ, ಒಲೆ ಹೊಗೆಯಾಡಲು ಶುರು. "ಅಸ್ತ್ರ ಒಲೆ ಸರಿ ಇಲ್ಲ" ಅಂತ ಕಿತ್ತು ಹಾಕಿದವರಲ್ಲಿ ಎಷ್ಟೋ ಜನರ ತೊಂದರೆ ಇಷ್ಟೇ. ಜಾಲರಿ ಹೊರಗೆ ತೆಗೆದು, ಸಂದುಗಳಲ್ಲಿ ಕಚ್ಚಿಕೊಂಡ ಇದ್ದಿಲು ತಟ್ಟಿ, ಕೆಳಗಿನ ಗುಳಿಯನ್ನು ಪೂರ್ತಿ ಖಾಲಿ ಮಾಡಿ.

ಪೈಪು

ಇಲ್ಲೇ ಜಾಸ್ತಿ ಜಾಗ್ರತೆ ಬೇಕು. ಮೊದಲು ನಿಮ್ಮ ಪೈಪು ಯಾವುದರದ್ದು ಅಂತ ತಿಳಿದುಕೊಳ್ಳಿ.

ಬೂದುಬಣ್ಣದ ಹಳೇ ಸಿಮೆಂಟ್ ಪೈಪಾದರೆ ಅದರಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುವ ಸಾಧ್ಯತೆ ಹೆಚ್ಚು. ಅದರ ಎಳೆಗಳು ಶ್ವಾಸಕೋಶಕ್ಕೆ ಹೋದರೆ ಅಲ್ಲೇ ಉಳಿಯುತ್ತವೆ, ವರ್ಷಗಳ ಮೇಲೆ ಕ್ಯಾನ್ಸರ್ ತರಬಲ್ಲವು. ಸುಮ್ನೆ ನಿಂತ ಪೈಪಿನಿಂದ ಅಷ್ಟು ತೊಂದರೆಯಿಲ್ಲ. ಕೊರೆದರೆ, ಕುಯ್ದರೆ, ತಂತಿಬ್ರಶ್ಶಿನಿಂದ ಕೆರೆದರೆ ಎಳೆಗಳು ಏಳುತ್ತವೆ. ಅಂಥ ಪೈಪಿಗೆ ತೆಂಗಿನ ನಾರಿನ ಮೆತ್ತನೆ ಬ್ರಶ್ ಮಾತ್ರ ಬಳಸಿ, ಮೊದಲೇ ಒಳಗೆ ನೀರು ಚಿಮುಕಿಸಿ ಒದ್ದೆ ಮಾಡಿಕೊಳ್ಳಿ. ಬಿರುಕು ಬಿಟ್ಟಿದ್ದರೆ ಬದಲಿಸಿ, ಒಡೆದು ಪುಡಿ ಮಾಡಬೇಡಿ.

ಕಬ್ಬಿಣದ ತಗಡಿನ ಪೈಪಾದರೆ ತಂತಿಬ್ರಶ್ ನಡೆಯುತ್ತದೆ. ಸಮುದ್ರದ ಹತ್ತಿರದ ಮನೆಗಳಲ್ಲಿ ಉಪ್ಪುಗಾಳಿಗೆ ತಗಡು ಬೇಗ ತುಕ್ಕು ಹಿಡಿಯುತ್ತದೆ. ಉಜ್ಜುವ ಮೊದಲು ಹೊರಗಿನಿಂದ ಬೆರಳಲ್ಲಿ ಒತ್ತಿ ನೋಡಿ. ಒಳಗೆ ತಗ್ಗಿದರೆ ಅದರ ಆಯಸ್ಸು ಮುಗಿಯಿತು.

ಸಾಧ್ಯವಿದ್ದಷ್ಟೂ ಕೆಳಗಿನಿಂದಲೇ ಮಾಡಿ. ಒಲೆಯ ಬಾಯಿಗೆ ಹಳೇ ಒದ್ದೆ ಗೋಣಿ ಮುಚ್ಚಿ, ಪೈಪಿನ ಕೆಳಗಿನ ಮುಚ್ಚಳದಿಂದ ಬ್ರಶ್ ತೂರಿಸಿ. ಬ್ರಶ್ ಪೈಪಿಗಿಂತ ಸ್ವಲ್ಪ ದಪ್ಪ ಇರಬೇಕು. ಅಂಗಡಿಯಲ್ಲಿ ಸಿಗದಿದ್ದರೆ ತೆಂಗಿನ ಕತ್ತವನ್ನು ಉಂಡೆ ಕಟ್ಟಿ ಬಗ್ಗುವ ಬಿದಿರಿನ ದಬ್ಬೆಗೆ ಬಿಗಿದುಕೊಳ್ಳಿ. ಮೇಲೆ ಕೆಳಗೆ ಆಡಿಸಿ, ಬಲ ಹಾಕಬೇಡಿ. ಪೈಪು ತಿರುಗುವ ಮೂಲೆಯಲ್ಲಿ ಮಸಿ ಜಾಸ್ತಿ ಕೂರುತ್ತದೆ. ಅಲ್ಲಿ ನಿಧಾನ ಮಾಡಿ.

ಮೇಲಿನಿಂದಲೇ ಮಾಡಬೇಕಾದರೆ ಹಗ್ಗದ ಉಪಾಯ ಒಳ್ಳೆಯದು. ಹಗ್ಗದ ನಡುವೆ ಬ್ರಶ್, ಅದರ ಕೆಳಗೆ ಒಂದೆರಡು ಕಿಲೋ ಮರಳು ತುಂಬಿದ ಬಟ್ಟೆಚೀಲ. ಕಲ್ಲು ಕಟ್ಟಬೇಡಿ, ಪೈಪು ಸೀಳುತ್ತದೆ. ಮೇಲೊಬ್ಬರು, ಕೆಳಗೊಬ್ಬರು ಹಿಡಿದು ಎಳೆದಾಡಿದರೆ ಸಾಕು.

ಮಾಡು ಹತ್ತುವ ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಬೇಡ. ಮಳೆ ಮುಗಿದ ಹೊಸತರಲ್ಲಿ ಹಂಚಿನ ಮೇಲೆ ಪಾಚಿ ಇರುತ್ತದೆ, ಬಿಸಿಲು ಬಿದ್ದರೂ ಜಾರುತ್ತದೆ. ಹಂಚು ನಿಮ್ಮ ಭಾರ ಹೊರುವುದಿಲ್ಲ, ಕೆಳಗೆ ಪಕ್ಕಾಸು ಇರುವ ಕಡೆ ಅಡ್ಡ ಹಲಗೆ ಹಾಕಿ ಅದರ ಮೇಲೆ ಹೋಗಬೇಕು. ಏಣಿಯ ಬುಡ ಪ್ರತಿ 4 ಅಡಿ ಎತ್ತರಕ್ಕೆ 1 ಅಡಿಯಂತೆ ಗೋಡೆಯಿಂದ ದೂರ ಇರಲಿ, ಕೆಳಗೆ ಒಬ್ಬರು ಹಿಡಿದಿರಲಿ. ಒಬ್ಬರೇ ಇರುವಾಗ ಹತ್ತಬೇಡಿ. ಅಡಿಕೆ ಮರ ಹತ್ತುವವರನ್ನು ಕರೆಸಿದರೆ ಇನ್ನೂ ಒಳ್ಳೆಯದು, ಅವರಿಗೆ ಎತ್ತರ ಹೊಸದಲ್ಲ. ಅಡಿಕೆಗೆ ಮದ್ದು ಹೊಡೆಯುವ ಅಲ್ಯೂಮಿನಿಯಂ ದೋಟಿಯನ್ನು ಬ್ರಶ್ಶಿನ ಕೋಲು ಮಾಡಿಕೊಳ್ಳುವವರಿದ್ದಾರೆ. ಮನೆಯ ಮೇಲೆ ಅಥವಾ ಪಕ್ಕದಲ್ಲಿ ಕರೆಂಟ್ ತಂತಿ ಇದ್ದರೆ ಅದು ಪ್ರಾಣ ತೆಗೆಯುತ್ತದೆ. ಕಾರ್ಬನ್ ಫೈಬರ್ ದೋಟಿಯಲ್ಲೂ ಕರೆಂಟ್ ಹರಿಯುತ್ತದೆ. ಒಣ ಬಿದಿರನ್ನೂ ತಂತಿಯಿಂದ ದೂರವೇ ಇಡಿ.

ಪೈಪಿನ ಟೋಪಿ ತೆಗೆಯುವ ಮೊದಲು ಹತ್ತು ನಿಮಿಷ ದೂರ ನಿಂತು ನೋಡಿ. ಕಣಜ ಒಳಗೆ ಹೊರಗೆ ಓಡಾಡುತ್ತಿದ್ದರೆ ಅವತ್ತು ಕೆಲಸ ನಿಲ್ಲಿಸಿ. ಹಕ್ಕಿಗೂಡಿನಲ್ಲಿ ಮರಿಗಳಿದ್ದರೆ ಅವು ಹಾರುವವರೆಗೆ ಗ್ಯಾಸಿನ ಮೇಲೆ ನೀರು ಕಾಯಿಸಿಕೊಳ್ಳಬಹುದು ಅಲ್ವಾ? ಮೇಲೆ ಹೋದಾಗ ಎತ್ತರವನ್ನೂ ಅಳೆದುಬಿಡಿ. ಪೈಪಿನ ತುದಿ ಮಾಡಿನಿಂದ 3 ಅಡಿ ಮೇಲೆ ಇರಬೇಕು, ಸುತ್ತ 10 ಅಡಿಯೊಳಗೆ ಇರುವ ಮಾಡಿನ ಯಾವುದೇ ಭಾಗಕ್ಕಿಂತ 2 ಅಡಿಯಾದರೂ ಎತ್ತರ ಇರಬೇಕು. ಅದಕ್ಕಿಂತ ಗಿಡ್ಡ ಇದ್ದರೆ ಎಷ್ಟು ಸ್ವಚ್ಛ ಮಾಡಿದರೂ ಗಾಳಿ ಹೊಗೆಯನ್ನು ಕೆಳಗೆ ಒತ್ತುತ್ತದೆ.

ಉದುರಿದ ಮಸಿಯನ್ನು ಬೂದಿಯ ಜೊತೆ ಸೇರಿಸಬೇಡಿ. ಅದರಲ್ಲಿ ಟಾರ್ ಇರುತ್ತದೆ, ತರಕಾರಿ ಬೆಳೆಯುವ ಜಾಗಕ್ಕೆ ಬೇಡ. ಬಾವಿಯಿಂದ ದೂರ ಗುಂಡಿ ತೆಗೆದು ಮುಚ್ಚಿ.

ಒಲೆಯ ಗಂಟಲು, ಬಿರುಕು, ಹಂಡೆ

ಉರಿ ಹಂಡೆಯ ಸುತ್ತ ಹಾದು ಪೈಪಿಗೆ ಸೇರುವ ಗಂಟಲಿನಲ್ಲಿ ಬೂದಿ ಹಾರಿ ಬಂದು ತುಂಬಿರುತ್ತದೆ. ಹೊರಗಿನಿಂದ ಕಾಣುವುದಿಲ್ಲ, ಹಂಡೆ ಎತ್ತಿದರೆ ಮಾತ್ರ ಗೊತ್ತಾಗುತ್ತದೆ. ನೀರು ಪೂರ್ತಿ ಖಾಲಿ ಮಾಡಿ, ಇಬ್ಬರು ಹಿಡಿದು ಎತ್ತಿ. ತೆಂಗಿನ ಕಡ್ಡಿ ಕಸಬರಿಗೆಯಿಂದ ಗಂಟಲು ಗುಡಿಸಿ ಖಾಲಿ ಮಾಡಿ. ಮಾಡಿಗೆ ನೇತಾಡುವ ಇಲ್ಲಣವನ್ನೂ, ಅಂದರೆ ಮಸಿ ಹಿಡಿದ ಜೇಡರ ಬಲೆಯನ್ನೂ, ಇದೇ ಹೊತ್ತಿಗೆ ಹೊಡೆಯಿರಿ. ಅದೂ ಬೇಗ ಹತ್ತಿಕೊಳ್ಳುವ ವಸ್ತು.

ಒಲೆಯ ಬಿರುಕಿಗೆ ಸಿಮೆಂಟ್ ಮೆತ್ತಬೇಡಿ. ಸಾದಾ ಸಿಮೆಂಟ್ ಕಾವಿಗೆ ಮತ್ತೆ ಒಡೆಯುತ್ತದೆ. ಹುತ್ತದ ಮಣ್ಣು ಜರಡಿ ಹಿಡಿದು, ಸಗಣಿ, ಭತ್ತದ ಹೊಟ್ಟು ಸೇರಿಸಿ ಕಲಸಿ ಒಂದು ರಾತ್ರಿ ಬಿಡಿ. ಮರುದಿನ ಬಿರುಕನ್ನು ಒದ್ದೆ ಮಾಡಿ ಒತ್ತಿ ತುಂಬಿ. ಪೈಪು ಒಲೆಗೆ ಸೇರುವ ಸಂದಿಯಲ್ಲಿ ಹೊಗೆ ಸೋರುವುದು ಹೆಚ್ಚು, ಅಲ್ಲಿ ದಪ್ಪಗೆ ಮೆತ್ತಿ. ಪೂರ್ತಿ ಒಣಗಿದ ಮೇಲೆ ಮೊದಲ ದಿನ ಸಣ್ಣ ಉರಿ.

ತಾಮ್ರದ ಹಂಡೆಯ ಹೊರಮೈಗೆ ಹುಣಸೆಹಣ್ಣು, ಉಪ್ಪು ಸಾಕು. ಮುರುಗಲ ಸಿಪ್ಪೆಯ ಹುಳಿಯೂ ಆಗುತ್ತದೆ. ಅಡಿಯ ಮಸಿಯನ್ನು ಪೂರ್ತಿ ಬೆಳಗಿಸುವ ಹಟ ಬೇಡ. ದಪ್ಪ ಪದರ ಕೆರೆದರೆ ನೀರು ಬೇಗ ಕಾಯುತ್ತದೆ, ಅಷ್ಟೇ ಬೇಕಾದದ್ದು.

ಅಡಿಕೆ ಬೇಯಿಸುವ ಒಲೆಗೂ ಕ್ರಮ ಇದೇ. ಕೊಯ್ಲು ಶುರುವಾಗುವ ಮೊದಲು ಮಾಡಿ. ಆ ಒಲೆ ದಿನಗಟ್ಟಲೆ ಬಿಡದೆ ಉರಿಯುತ್ತದೆ, ನಡುವೆ ನಿಲ್ಲಿಸಿ ಸ್ವಚ್ಛ ಮಾಡಲು ಯಾರಿಗೂ ಪುರಸೊತ್ತು ಸಿಗುವುದಿಲ್ಲ.

ಹೊಗೆ ಎಳೆಯುತ್ತದಾ ನೋಡಿ

ಎಲ್ಲ ಜೋಡಿಸಿದ ಮೇಲೆ ಬಚ್ಚಲ ಕಿಟಕಿ, ಬಾಗಿಲು ತೆಗೆದಿಟ್ಟು ಒಂದು ಹಿಡಿ ಒಣ ಎಲೆ ಹಚ್ಚಿ. ಒಲೆಯ ಬಾಯಿಯ ಹತ್ತಿರ ಊದಿನಕಡ್ಡಿ ಹಿಡಿಯಿರಿ. ಹೊಗೆ ಒಳಗೆ ಬಾಗಿ ಹೋದರೆ ದಾರಿ ಬಿಟ್ಟಿದೆ. ನಿಮ್ಮ ಕಡೆ ತಿರುಗಿದರೆ ಇನ್ನೂ ಎಲ್ಲೋ ಕಟ್ಟಿದೆ, ಮತ್ತೆ ನೋಡಿ. ಆಮೇಲೆ ಬಾಗಿಲು ಹಾಕಿ ಇದನ್ನೇ ಮಾಡಿ. ಬಾಗಿಲು ಹಾಕಿದಾಗ ಮಾತ್ರ ಹೊಗೆ ವಾಪಸು ಬಂದರೆ ಬಚ್ಚಲಿಗೆ ಹೊರಗಿನ ಗಾಳಿ ಸಾಲುತ್ತಿಲ್ಲ ಅಂತ ಅರ್ಥ. ಬಾಗಿಲ ಕೆಳಗೆ ಸಂದು ಬಿಡಿಸಿ, ಗೋಡೆಯ ಮೇಲೆ ಎಂದೂ ಮುಚ್ಚಲಾಗದ ಜಾಲರಿ ಕಿಟಕಿ ಇಡಿಸಿ. ಚಳಿ ಬರುತ್ತದೆ ಅಂತ ಅದಕ್ಕೆ ಪ್ಲಾಸ್ಟಿಕ್ ಹೊಡೆಯಬೇಡಿ.

ಬೂದಿ ಎಲ್ಲಿಗೆ, ಕಟ್ಟಿಗೆ ಎಂಥದು

ತಣ್ಣಗಾದ ಬೂದಿ ತೋಟಕ್ಕೆ ಒಳ್ಳೆಯದು. ಪೊಟ್ಯಾಶ್, ಸುಣ್ಣದ ಅಂಶ ಇದೆ, ನಮ್ಮ ಹುಳಿ ಮಣ್ಣಿಗೆ ಹೊಂದುತ್ತದೆ. ತೆಂಗಿನ ಬುಡಕ್ಕೆ ತೆಳ್ಳಗೆ ಹರಡಿ, ಒಂದೇ ಮರಕ್ಕೆ ರಾಶಿ ಹಾಕಬೇಡಿ. ಯೂರಿಯಾ ಜೊತೆ, ಹಸಿ ಸಗಣಿ ಗುಂಡಿಗೆ ಸೇರಿಸಬೇಡಿ, ಸಾರಜನಕ ಅಮೋನಿಯಾ ಆಗಿ ಹಾರಿ ಹೋಗುತ್ತದೆ. ಒದ್ದೆ ಬೂದಿಯ ನೀರು ಕ್ಷಾರ, ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷ ಬಿಡದೆ ತಣ್ಣೀರಿನಿಂದ ತೊಳೆದು ಡಾಕ್ಟರ ಹತ್ತಿರ ಹೋಗಿ.

ಕಟ್ಟಿಗೆ ಒಣಗಿದ್ದರೆ ಅರ್ಧ ಕೆಲಸ ತಾನಾಗಿ ಕಡಿಮೆಯಾಗುತ್ತದೆ. ಹಸಿ ಮರದಲ್ಲಿ ತೂಕದ ಅರ್ಧದಷ್ಟು ನೀರೇ ಇರುತ್ತದೆ. ಅದು 20 ಶೇಕಡಕ್ಕೆ ಇಳಿದ ಮೇಲೆ ಒಲೆಗೆ ಹಾಕಬೇಕು. ಎರಡು ತುಂಡು ಬಡಿದರೆ ಟಣ್ ಅಂದರೆ ಒಣಗಿದೆ, ದಬ್ ಅಂದರೆ ಇಲ್ಲ. ಗೇರುಬೀಜದ ಸಿಪ್ಪೆ ಚೆನ್ನಾಗಿ ಉರಿಯುತ್ತದೆ ಅಂತ ಬಚ್ಚಲ ಒಲೆಗೆ ಹಾಕಬೇಡಿ. ಅದರ ಎಣ್ಣೆ ಚರ್ಮ ಸುಡುವಂಥದು, ಹೊಗೆ ಖಾರ, ಪೈಪಿಗೆ ಜಿಡ್ಡು. ಮಳೆಗಾಲದಲ್ಲಿ ಕಡಲು ದಂಡೆಗೆ ತಂದು ಹಾಕುವ ಮರವನ್ನು ಕಾರವಾರದ ಕಡೆ ಆರಿಸಿ ತರುತ್ತಾರೆ. ಉಪ್ಪು ಹೀರಿದ ಆ ಮರದ ಹೊಗೆ ತಗಡಿನ ಪೈಪನ್ನು ತಿಂದು ಹಾಕುತ್ತದೆ, ವಿಷಗಾಳಿಯನ್ನೂ ಬಿಡುತ್ತದೆ. ಪ್ಲಾಸ್ಟಿಕ್, ಬಣ್ಣ ಬಳಿದ ಹಲಗೆ, ಪ್ಲೈವುಡ್ ಯಾವುದೂ ಬೇಡ.

ಪೈಪಿಗೆ ಬೆಂಕಿ ಹತ್ತಿದರೆ

ಪೈಪಿನಿಂದ ಗುರ್ರೆಂದು ದೊಡ್ಡ ಸದ್ದು, ತುದಿಯಲ್ಲಿ ಕಿಡಿ ಅಥವಾ ಜ್ವಾಲೆ, ಹೊರಗೆ ಸುಟ್ಟ ಕಟು ವಾಸನೆ. ಇವು ಕಂಡರೆ ಮನೆಯವರನ್ನೆಲ್ಲ ಹೊರಗೆ ಕಳಿಸಿ, 101 ಅಥವಾ 112ಕ್ಕೆ ಫೋನ್ ಮಾಡಿ. ಅಪಾಯವಿಲ್ಲದೆ ಹತ್ತಿರ ಹೋಗಲು ಆಗುವಂತಿದ್ದರೆ ಮಾತ್ರ ಒಲೆಯ ಬಾಯಿಗೂ ಬೂದಿ ಗುಳಿಗೂ ತಗಡು ಮುಚ್ಚಿ, ಗಾಳಿ ನಿಂತರೆ ಉರಿ ಇಳಿಯುತ್ತದೆ. ಕಾದ ಪೈಪಿಗೆ ನೀರು ಹಾಕಬೇಡಿ, ಸಿಡಿಯುತ್ತದೆ. ನೀರನ್ನು ಪೈಪಿನ ಸುತ್ತಲ ಮಾಡಿಗೆ, ಹತ್ತಿರದ ಸೋಗೆ, ಹುಲ್ಲಿನ ರಾಶಿಗೆ ಹಾಕಿ. ಬೆಂಕಿ ಆರಿದ ಮೇಲೂ ಪಕ್ಕಾಸಿನ ಒಳಗೆ ಕಿಡಿ ಕೂತಿರಬಹುದು, ಆ ರಾತ್ರಿ ಒಬ್ಬರು ಎದ್ದಿದ್ದು ಆಗಾಗ ಮುಟ್ಟಿ ನೋಡಬೇಕು. ಪೈಪನ್ನು ಪೂರ್ತಿ ಇಳಿಸಿ, ಬಿರುಕು ನೋಡಿ, ಬೇಕಾದ್ದನ್ನು ಬದಲಿಸುವವರೆಗೆ ಆ ಒಲೆಗೆ ಒಂದು ಕಡ್ಡಿಯನ್ನೂ ಗೀರಬೇಡಿ.